ಹತ್ತುಮೀನು, ಹತ್ತು ಮೀನು

ನಾನು ನಿವೃತ್ತನಾದ ದಿನ ಶಾಲು ಹೊದೆಸಿ, ಹಾರ ಹಾಕಿ, ಗಾಜಿನ ಪೆಟ್ಟಿಗೆಯೊಂದರಲ್ಲಿ ಎರಡು ಬಣ್ಣದ ಮೀನು ಬಿಟ್ಟು ಕೈಗಿತ್ತರು. ಮೀನಿನ ಇಲಾಖೆಯವನಿಗೆ ಮೀನು ಕೊಡದೆ ಮತ್ತೇನು ಕೊಡುತ್ತಾರೆ ಹೇಳಿ. ವಾರ ತುಂಬುವುದರೊಳಗೆ ಎರಡೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. "ಹೊಳೆ ಮೀನೇ ಉಳಿಸಲೆ ಆಜಿಲ್ಲೆ ನಿಂಗಕ್ಕೆ, ಇದೆರಡು ಉಳಿತ್ತಾ?" ಅಂದಳು ಹೆಂಡತಿ. ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಆ ದಿನ ಅನ್ನ ರುಚಿಸಲಿಲ್ಲ.

ಹೊಸದಾಗಿ ಇಲಾಖೆ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಸರ್, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಒಳ್ಳೆಯ ಮಕ್ಕಳು, ಮೀನಿನ ಬಗ್ಗೆಯೇ ಓದಿ ಪದವಿ ತಗೊಂಡವರು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದು ಅವರಿಗೂ ಬೇಡ, ನನಗೂ ಬೇಡ. ಈ ಕೆಲಸ ಅಂದರೆ ಎಂತದ್ದು ಅನ್ನುವುದನ್ನಷ್ಟೇ ಬರೆಯುತ್ತೇನೆ. ಸಿಹಿ ಬೆರೆಸಿ ಬರೆಯುವ ಉಮೇದು ನನಗಿಲ್ಲ. ಸಿಹಿ ಬೇಕಾದವರು ವಾರ್ಷಿಕ ವರದಿ ಓದಿಕೊಳ್ಳಬಹುದು.

ಹೆಗಡೆಕಟ್ಟಾ ಕಡೆಯ, ಮೀನು ಮುಟ್ಟದ ಹವ್ಯಕರ ಮಾಣಿಯೊಬ್ಬ ಮೀನಿನ ಇಲಾಖೆಗೆ ಸೇರಿದ ಅಂದರೆ ಊರವರಿಗೆ ನಗಲು ಬೇರೆ ಕಾರಣ ಬೇಕಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಎದುರು ಸಾಲಿನವರು, "ಎಂತದ್ರೋ ಹೆಗಡೇರೆ, ಇವತ್ತು ಬಂಗಡೆಯೋ, ತಾರ್ಲೆಯೋ?" ಎಂದು ಕೂಗುತ್ತಿದ್ದರು. ಆಯಿಯದ್ದು ಇನ್ನೊಂದು. ನಾನು ಬಾಗಿಲಿಗೆ ಬರುವುದೇ ತಡ, "ಮಿಂದ್ಕ ಬಾ ಮೊದಲು, ಒಳಗೆ ಬರಡ" ಅನ್ನುತ್ತಿದ್ದಳು. "ಆಯಿ, ಆನು ಮೀನು ಮುಟ್ಟಿದ್ನಿಲ್ಲೆ, ಕಾಗದ ಮುಟ್ಟಿದ್ದಿ" ಅಂದರೂ ಕೇಳುತ್ತಿರಲಿಲ್ಲ. ಕಡೆಗೆ ನಾನೂ ವಾದ ಬಿಟ್ಟೆ.

ಮೊದಲ ಕೆಲವು ವರ್ಷ ಕರಾವಳಿಯಲ್ಲಿದ್ದೆ. ಅಲ್ಲಿ ಕಾನೂನು ಕಣ್ಣಿಗೆ ಕಾಣುತ್ತಿತ್ತು. ಮಳೆಗಾಲದಲ್ಲಿ ಯಂತ್ರದ ದೋಣಿ ಸಮುದ್ರಕ್ಕೆ ಇಳಿಯಬಾರದು, ಮೀನು ಮರಿ ಮಾಡುವ ಕಾಲ. ಇಳಿದರೆ ಬಂದರಿನಲ್ಲಿ ಕಟ್ಟಿಹಾಕು, ದಂಡ ಹಾಕು. ಬಲೆಯ ಕಣ್ಣು ಇಷ್ಟೇ ಅಗಲ ಇರಬೇಕು, ಅಳತೆಪಟ್ಟಿ ಹಿಡಿದು ನೋಡು. ನಾನು ಉತ್ಸಾಹದಿಂದ ಅಳೆದದ್ದೇ ಅಳೆದದ್ದು. ಒಬ್ಬ ದೋಣಿ ಮಾಲೀಕ ಪ್ರತಿ ಸಲ ನನಗೆ ಚಾ ಕುಡಿಸಿ, ತಾನೇ ಬಲೆ ಬಿಡಿಸಿ ಹಿಡಿದು ಅಳೆಸುತ್ತಿದ್ದ. ಕಣ್ಣು ದೊಡ್ಡದು, ಕಾನೂನಿನ ಪ್ರಕಾರ ಸರಿ. ಇಷ್ಟು ಪ್ರಾಮಾಣಿಕರೂ ಇದ್ದಾರಲ್ಲ ಎಂದು ನಾನು ಸಾಹೇಬರ ಹತ್ತಿರ ಹೊಗಳಿದೆ. ಅಂಕೋಲೆ ಕಡೆಯ ಆ ಹಿರಿಯರು ನಕ್ಕು, "ಹೊರಗಿನ ಬಲೆ ಅಳೆದೆ. ಒಳಗೆ ಕೈ ಹಾಕಿ ನೋಡಿದ್ಯಾ?" ಅಂದರು. ಮರುದಿನ ಹೋಗಿ ಕೈ ಹಾಕಿದರೆ, ದೊಡ್ಡ ಕಣ್ಣಿನ ಬಲೆಯ ಒಳಗೆ ಸೊಳ್ಳೆಪರದೆಯಂಥ ಇನ್ನೊಂದು ಚೀಲ ಹೊಲಿದಿತ್ತು. ಬೆರಳುದ್ದದ ಮರಿಯೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಆ ಚಾ ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಆದರೂ ಸಮುದ್ರದ ಕೆಲಸದಲ್ಲಿ ಒಂದು ಸುಖವಿತ್ತು. ದೋಣಿ ಎಲ್ಲಿಗೇ ಹೋದರೂ ಬಂದರಿಗೆ ಬರಲೇಬೇಕು. ಘಟ್ಟದ ಮೇಲೆ, ಶಿರಸಿಗೆ ವರ್ಗವಾಗಿ ಬಂದ ಮೇಲೆ ಆ ಸುಖವೂ ಹೋಯಿತು. ಇಲ್ಲಿ ಹೊಳೆಗಳು ಕಾಡಿನೊಳಗೆ ಹರಿಯುತ್ತವೆ. ಅಘನಾಶಿನಿ, ಬೇಡ್ತಿ, ಶಾಲ್ಮಲೆ, ಅವಕ್ಕೆ ಸೇರುವ ಲೆಕ್ಕವಿಲ್ಲದ ಹಳ್ಳ. ಮೂರು ತಾಲೂಕಿಗೆ ನಾನು, ಒಬ್ಬ ಗುಮಾಸ್ತ, ಮತ್ತು ಸದಾ ರಿಪೇರಿಗೆ ಹೋಗಿರುವ ಒಂದು ಜೀಪು. ಸೋಂದೆಯ ಕಡೆ ಹೊಳೆಯ ಮಡುವಿನಲ್ಲಿ ಮೀನು ದಂಡಿಯಾಗಿ ಉಳಿದಿದ್ದವು, ದೇವರ ಹೆದರಿಕೆಯಿಂದ. ನನ್ನ ಹೆದರಿಕೆಯಿಂದ ಒಂದು ಮೀನೂ ಎಲ್ಲಿಯೂ ಉಳಿದದ್ದು ನಾನು ಕಾಣೆ.

ಯಲ್ಲಾಪುರದ ಕಡೆ ಒಮ್ಮೆ ಬೇಡ್ತಿಯಲ್ಲಿ ತೋಟೆ ಸಿಡಿಸಿ ಮೀನು ಹಿಡಿಯುವವರನ್ನು ಸ್ಥಳದಲ್ಲೇ ಹಿಡಿದೆವು. ತೋಟೆ ಹಾಕಿದರೆ ಮೀನಷ್ಟೇ ಅಲ್ಲ, ಆ ಗುಂಡಿಯಲ್ಲಿದ್ದ ಏಡಿ, ಕಪ್ಪೆ, ಮರಿ, ತತ್ತಿ ಎಲ್ಲಾ ಸತ್ತು ತೇಲುತ್ತವೆ. ಬುಟ್ಟಿ ತುಂಬ ಸತ್ತ ಮೀನು ಸಹಿತ ಠಾಣೆಗೆ ಒಯ್ದೆ. ಅಲ್ಲಿ ಶುರುವಾಯಿತು ನೋಡಿ. ಮೀನು ಮುದ್ದೆಮಾಲು, ಅಂದರೆ ಸಾಕ್ಷಿಯ ವಸ್ತು, ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಮೂರನೆಯ ದಿನಕ್ಕೆ ಠಾಣೆಯಲ್ಲಿ ಮೂಗು ಬಿಡುವ ಹಾಗಿರಲಿಲ್ಲ. "ಹೆಗಡೇರೆ, ನಿಮ್ಮ ಸಾಕ್ಷಿ ತಗೊಂಡು ಹೋಗ್ರಿ, ಇಲ್ಲಾ ನಾವು ವರ್ಗಾ ತಗೊಂಡು ಹೋಗ್ತೇವೆ" ಎಂದರು ಪೊಲೀಸಿನವರು. ಹುಗಿದೆವು. ಹುಗಿದದ್ದಕ್ಕೆ ಪಂಚನಾಮೆ ಮಾಡಿಸಿರಲಿಲ್ಲ. ಪ್ರಕರಣ ಬಿದ್ದುಹೋಯಿತು. ಆರೋಪಿಗಳು ಹೊರಗೆ ಬಂದು ನನಗೇ ನಮಸ್ಕಾರ ಮಾಡಿ, "ಮುಂದಿನ ಸಲ ಐಸು ತರ್ತೀವಿ ಸರ್" ಎಂದು ಹಲ್ಲು ಗಿಂಜಿದರು. ಹೊಸಬರೇ, ಹುಗಿಯುವ ಮೊದಲು ಪಂಚನಾಮೆ ಮಾಡಿಸಿ. ಇದೊಂದು ಉಪಯೋಗದ ಮಾತು.

ಆಮೇಲೆ ಫೋನಿನ ಕಾಲ ಬಂತು. ಮೊದಲು ಹೊಳೆದಂಡೆಗೆ ನಡೆದು ಹೋಗಿ ನೋಡಿ ಬಂದು ಡೈರಿ ಬರೆಯುತ್ತಿದ್ದೆವು. ಈಗ ಹೊಳೆದಂಡೆಯಲ್ಲಿ ನಿಂತು ಫೋಟೊ ತೆಗೆದು, ಜಾಗದ ಗುರುತು ಬೀಳುವ ಹಾಗೆ ಗುಂಪಿಗೆ ಹಾಕಬೇಕು. ಮೇಲಿನವರು ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಸೇತುವೆಯ ಮೇಲೆ ಬಸ್ಸು ನಿಂತಾಗ ಇಳಿದು ಫೋಟೊ ತೆಗೆದು ಅದೇ ಬಸ್ಸು ಹತ್ತಿದವರನ್ನು ನಾನು ಬಲ್ಲೆ. ಅವರಿಗೆ ಒಳ್ಳೆಯ ಕೆಲಸಗಾರ ಅಂತ ಪ್ರಶಸ್ತಿಯೂ ಬಂದಿದೆ.

ಇರಲಿ. ಇಷ್ಟೆಲ್ಲ ಎಲ್ಲರ ಸೇವೆಯಲ್ಲೂ ಇದ್ದದ್ದೇ. ನನ್ನನ್ನು ಒಳಗಿನಿಂದ ತಿಂದದ್ದು ಕಾನಗುಂಡಿಯ ಪ್ರಕರಣ. ಅದನ್ನು ಬರೆಯಲಿಕ್ಕೇ ಕೂತದ್ದು, ಉಳಿದದ್ದು ಪೀಠಿಕೆ ಅಂತ ತಿಳಿಯಿರಿ.

ಸಿದ್ದಾಪುರ ತಾಲೂಕಿನ ಒಳಭಾಗದಲ್ಲಿ ಅಘನಾಶಿನಿಗೆ ಹೋಗಿ ಸೇರುವ ಒಂದು ಹಳ್ಳ. ಅದರ ದಂಡೆಗೆ ಕಾನಗುಂಡಿ ಎಂಬ ಕೇರಿ. ಜೂನ್‌ನಲ್ಲಿ ಮಳೆ ಹಿಡಿದು ಹಳ್ಳಕ್ಕೆ ಕೆಂಪು ನೀರು ಬಂತೆಂದರೆ ಹೊಳೆಯ ಮೀನು ಹಳ್ಳಕ್ಕೆ ಹತ್ತುತ್ತದೆ. ಸಸಲು, ಕೊಚ್ಚಲಿಯಂಥ ಸಣ್ಣವು, ಪೇಟೆಯವರು ಮಹಶೀರ್ ಅನ್ನುವ ದೊಡ್ಡ ಹುರುಪೆಯ ಮೀನು, ಎಲ್ಲಾ. ಹೊಟ್ಟೆ ತುಂಬ ತತ್ತಿ. ಕಲ್ಲು ಹಾರಿ, ಒಡ್ಡು ಜಿಗಿದು, ಮೇಲಿನ ತೊರೆಗೋ ಗದ್ದೆಯ ನೀರಿಗೋ ಹೋಗಿ ತತ್ತಿಯಿಟ್ಟು ಇಳಿಯುತ್ತವೆ. ಹೀಗೆ ಹತ್ತುವ ಮೀನಿಗೆ ನಮ್ಮಲ್ಲಿ ಹತ್ತುಮೀನು ಅನ್ನುವುದು. ಈ ಸೀಮೆಯಲ್ಲಿ ಒಂದರಿಂದ ಹತ್ತು ಎಣಿಸಲು ಬಾರದ ಕೂಸಿಗೂ ಈ ಶಬ್ದ ಬರುತ್ತದೆ. ಹತ್ತುವಾಗ ಅವಕ್ಕೆ ಮೈಮೇಲೆ ಖಬರಿರುವುದಿಲ್ಲ. ಬಿದಿರಿನ ಕೂಣಿಯನ್ನು ಹಳ್ಳಕ್ಕೆ ಅಡ್ಡ ಇಟ್ಟರೆ ತಾವೇ ಬಂದು ಒಳಗೆ ಬೀಳುತ್ತವೆ.

ಕಾನಗುಂಡಿಯಲ್ಲಿ ಕನ್ನಪ್ಪ ನಾಯ್ಕ ಅಂತ ಒಬ್ಬ. ನನಗಿಂತ ನಾಲ್ಕಾರು ವರ್ಷ ಸಣ್ಣವ. ಮೀನೆಂದರೆ ಜೀವ ಬಿಡುವ ಮನುಷ್ಯ, ತಿನ್ನಲಿಕ್ಕೂ ಸೈ, ನೋಡಲಿಕ್ಕೂ ಸೈ. ವರ್ಷದಿಂದ ವರ್ಷಕ್ಕೆ ಹತ್ತುಮೀನು ಕಡಿಮೆಯಾಗುವುದನ್ನು ನೋಡಿ ಅವನಿಗೆ ತಳಮಳ ಹುಟ್ಟಿತು. ತತ್ತಿ ಹೊತ್ತ ಮೀನನ್ನೇ ತಿಂದರೆ ಮುಂದೆ ಎಂತ ತಿನ್ನುವುದು ಎಂದು ಮನೆಮನೆಗೆ ಹೋಗಿ ಕೂಗಾಡಿದ. ಜಗಳ ಆಡಿದ. ಕಡೆಗೆ ಕೇರಿಯವರೆಲ್ಲ ಚೌಡಿಯ ಕಲ್ಲಿನ ಮುಂದೆ ನಿಂತು, ನಾಟಿ ಮುಗಿಯುವವರೆಗೆ ಯಾರೂ ಹಳ್ಳಕ್ಕೆ ಕೂಣಿ ಇಡುವುದಿಲ್ಲ ಎಂದು ಆಣೆ ಮಾಡಿದರು. ಇಲಾಖೆ ಇಲ್ಲ, ಕಾಯ್ದೆ ಇಲ್ಲ, ದಂಡ ಇಲ್ಲ. ಕೆಲವೇ ವರ್ಷದಲ್ಲಿ ಮೀನು ತಿರುಗಿ ಬಂತು. ನಾನು ಹೋಗಿ ಕಣ್ಣಾರೆ ನೋಡಿದೆ. ಹಳ್ಳದ ಬಾಯಲ್ಲಿ ನೀರು ಕುದಿಯುತ್ತಿರುವ ಹಾಗೆ ಮೀನು ಒದ್ದಾಡುತ್ತಿತ್ತು. ಮೀನು ತಿನ್ನದ ನಾನೂ ಮಳೆಯಲ್ಲಿ ನೆನೆಯುತ್ತ ನೋಡುತ್ತಲೇ ನಿಂತೆ.

"ಹೆಗಡೇರೆ, ನಮ್ಮ ಕೇರಿಯವ್ರು ಮುಟ್ಟೂದಿಲ್ಲ. ಹೊರಗಿನವ್ರು ಬಿಡೂದಿಲ್ಲ" ಅಂದ ಕನ್ನಪ್ಪ. ಕೆಳಗೆ ಹೊಳೆದಂಡೆಗೆ ಒಂದು ರೆಸಾರ್ಟ್ ಎದ್ದಿತ್ತು. ಶನಿವಾರ ಬಂತೆಂದರೆ ಅಲ್ಲಿಯ ಅತಿಥಿಗಳು ಕಂಪನಿಯ ಗಾಳದ ಕೋಲು ಹಿಡಿದು ಸರಿಯಾಗಿ ಹಳ್ಳದ ಬಾಯಿಗೇ ಬಂದು ಕೂರುತ್ತಿದ್ದರು. ದೊಡ್ಡ ಮೀನು ಹೊಸ ನೀರಿಗೆ ಕಾದು ನಿಲ್ಲುವುದು ಅಲ್ಲಿಯೇ.

"ಕೇಳಿದ್ರೆ ನೀನ್ಯಾರು ಅಂತ್ರು. ನಾನು ಯಾರು ಹೇಳಿ? ನೀವೊಂದು ಬೋರ್ಡ್ ಹಾಕಿಸಿಕೊಡಿ. ಸರ್ಕಾರದ್ದು, ಸಿಂಹದ ಚಿತ್ರ ಇದ್ದದ್ದು. ಮತ್ತೆಂತದೂ ಬ್ಯಾಡ ನನಗೆ."

ಇಡೀ ಸೇವೆಯಲ್ಲಿ ನನ್ನ ಹತ್ತಿರ ಬಂದು, ಕಾನೂನು ಹಾಕಿ ಎಂದು ಕೇಳಿದವನು ಅವನೊಬ್ಬನೇ. ಉಳಿದವರೆಲ್ಲ ಬಿಟ್ಟುಬಿಡಿ ಎಂದು ಕೇಳಿದವರು. ನನಗೆ ರೆಕ್ಕೆ ಬಂದ ಹಾಗಾಯಿತು. ಕೂತು ಕರಡು ಬರೆದೆ. ಮಳೆಗಾಲದ ಆರಂಭದಿಂದ ನಾಟಿ ಮುಗಿಯುವ ತನಕ ಕಾನಗುಂಡಿ ಹಳ್ಳದಲ್ಲಿಯೂ ಅದರ ಬಾಯಿಯಲ್ಲಿಯೂ ಗಾಳ, ಬಲೆ, ಕೂಣಿ ಇತ್ಯಾದಿ ಯಾವುದೇ ಸಾಧನದಿಂದ ಹತ್ತುಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ. ಜಿಲ್ಲಾ ಕಚೇರಿಯ ಸಾಹೇಬರ ಮೇಜಿಗೆ ಇಟ್ಟೆ. ಅಷ್ಟರಲ್ಲಿ ಚುನಾವಣೆ ಬಂತು. ನನ್ನನ್ನು ಮತಗಟ್ಟೆ ಕೆಲಸಕ್ಕೆ ಹಾಕಿದರು. ತರಬೇತಿ, ಪೆಟ್ಟಿಗೆ ಹೊರುವುದು, ಎಣಿಕೆ ಅಂತ ನಾನು ಕಚೇರಿಯ ಕಡೆ ತಲೆ ಹಾಕದೆ ಬಹಳ ದಿನವಾಯಿತು.

ಸಾಹೇಬರು ಹಾವೇರಿಯ ಆಚೆಯವರು. ಕೆಟ್ಟವರೇನಲ್ಲ, ನಗುನಗುತ್ತ ಇರುವ ಮನುಷ್ಯ. ಅವರ ಸೀಮೆಯಲ್ಲಿ ಮೀನು ಕೆರೆಯಲ್ಲಿ ಇರುತ್ತದೆ, ಹತ್ತುವುದಿಲ್ಲ. ನನ್ನ ಕರಡು ಓದಿದರು. ಹತ್ತು ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ ಅಂದರೆ ಎಂತ ಅರ್ಥ? ಒಂಬತ್ತು ಹಿಡಿಯಬಹುದೋ? ಹನ್ನೊಂದು? ಹೆಗಡೆ ಅವಸರದಲ್ಲಿ ಏನೋ ಬಿಟ್ಟಿದ್ದಾನೆ, ಎಣಿಸಿ ಹಿಡಿಯುವುದಾದರೆ ಗಾಳವೇ ಸರಿ ಎಂದುಕೊಂಡು ತಾವೇ ಪೆನ್ನು ತಗೊಂಡು ಚೊಕ್ಕ ಮಾಡಿದರು. ಮೇಲಿನವರ ಸಹಿಯಾಯಿತು. ಬೋರ್ಡಿನವನಿಗೂ ಹೋಯಿತು.

ಕನ್ನಪ್ಪನ ಫೋನ್ ಬಂದಾಗ ನಾನು ಮತಪೆಟ್ಟಿಗೆಗಳ ನಡುವೆ ಇದ್ದೆ. "ಹೆಗಡೇರೆ, ಬೋರ್ಡ್ ಬಂತು. ಸಿಂಹನೂ ಉಂಟು. ಆದ್ರೆ ಇದೆಂತ ಬರೆಸಿದ್ರಿ ನೀವು?"

"ಎಂತ ಉಂಟು, ಓದು."

ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಈ ಹಳ್ಳದಲ್ಲಿ ಗಾಳ ಹೊರತು ಬೇರೆ ಸಾಧನ ಬಳಸುವುದನ್ನು ಮತ್ತು ಒಬ್ಬರು ದಿನಕ್ಕೆ ಹತ್ತು ಮೀನುಗಳಿಗಿಂತ ಹೆಚ್ಚು ಹಿಡಿಯುವುದನ್ನು ನಿಷೇಧಿಸಲಾಗಿದೆ."

ಅಯ್ಯೋ ರಾಮ, ಹಿಡಿಯಬಾರದು ಎಂದು ಬರೆದದ್ದು ಹಿಡಿಯಬಹುದು ಎಂದಾಗಿತ್ತು. ಅದೂ ತಲಾ ಹತ್ತು.

ಎಣಿಕೆ ಮುಗಿದ ಮರುದಿನವೇ ಸಾಹೇಬರ ಎದುರು ನಿಂತೆ. "ಸಾಹೇಬ್ರೆ, ಹತ್ತು ಅಂದ್ರೆ ಲೆಕ್ಕದ ಹತ್ತಲ್ಲ, ಮರ ಹತ್ತೋದು ಅಂತೀವಲ್ಲ, ಆ ಹತ್ತು."

ಅವರು ಮೊದಲು ಕಣ್ಣು ಬಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೌದೇನ್ರೀ! ಏರೋ ಮೀನು ಅಂತ ಬರೀಬೇಕಿಲ್ಲೇನು ನೀವು? ನಿಮ್ಮ ಕನ್ನಡ ನಿಮಗ ಬಿಟ್ಟು ಯಾರಿಗೂ ತಿಳಿಯಂಗಿಲ್ಲ ನೋಡ್ರಿ."

"ತಿದ್ದುಪಡಿ ಹಾಕೋಣ. ಮಳೆ ಶುರುವಾಗ್ತದೆ."

ನಗು ನಿಂತಿತು. "ಹೆಗಡೆ, ಕೂಡ್ರಿ. ಆದೇಶ ಮ್ಯಾಲಿಂದ ಆಗೇತಿ. ತಿದ್ದಬೇಕಂದ್ರ ನನಗ ಕನ್ನಡ ಬರಂಗಿಲ್ಲ ಅಂತ ನಾನ ಬರದು ಕೊಡಬೇಕು. ಅದೂ ಅಲ್ದ, ಹೊರದೇಶದಾಗೂ ಹಿಂಗ ತಲಾ ಇಷ್ಟು ಅಂತ ಮಿತಿ ಇರ್ತೈತಿ. ಪ್ರವಾಸೋದ್ಯಮದವರೂ ಚಲೋ ಆತು ಅಂದಾರ. ಮಂದಿ ಕೂತು ಗಾಳ ಹಾಕ್ತಾರ, ಹತ್ತು ಹಿಡೀತಾರ, ಹೋಗ್ತಾರ. ಏನು ಹೊಳೀನ ಖಾಲಿ ಆಗ್ತೈತೇನು? ಇರಲಿ ಬಿಡ್ರಿ."

ಗಾಳದ ಹವ್ಯಾಸಕ್ಕೆ ತಲಾ ಇಷ್ಟು ಎಂಬ ಮಿತಿ ತಪ್ಪಲ್ಲ. ಬೇಸಿಗೆಯಲ್ಲಿ, ತುಂಬಿದ ಹೊಳೆಯಲ್ಲಿ, ಕಾಯುವ ಜನ ಇದ್ದರೆ ಅದು ಒಳ್ಳೆಯ ನಿಯಮವೇ. ತತ್ತಿ ಹೊತ್ತು ಒಂದು ಇಕ್ಕಟ್ಟಾದ ಬಾಯಲ್ಲಿ ಹೆಣೆದುಕೊಂಡು ನಿಂತ ಮೀನಿಗೆ ಅದು ಮರಣಶಾಸನ. ಇದನ್ನು ಬರೆದು ಕೊಟ್ಟೆ. ಮತ್ತೆ ಬರೆದು ಕೊಟ್ಟೆ. ಕಡತ ಎಲ್ಲಿ ಹೋಯಿತೋ, ಯಾರ ಕುರ್ಚಿಯ ಕಾಲಿಗೆ ಆನಿಕೆಯಾಯಿತೋ ದೇವರೇ ಬಲ್ಲ.

ಆ ಮಳೆಗಾಲ ನನ್ನ ಕೆಲಸ ಏನಾಗಿತ್ತು ಗೊತ್ತೇ? ಹಳ್ಳದ ಬಾಯಲ್ಲಿ ಕೊಡೆ ಹಿಡಿದು ನಿಂತು ಎಣಿಸುವುದು. ಹುಬ್ಬಳ್ಳಿ ಕಡೆಯಿಂದ ಬಂದವರೊಬ್ಬರು ಬಹಳ ಸಭ್ಯರು. "ನಾವು ಕಾನೂನು ಪಾಲಿಸೋ ಮಂದಿ ಸರ್, ಎಣಿಸ್ಕೋರ್ರಿ" ಎಂದು ಬುಟ್ಟಿ ತೆರೆದು ತೋರಿಸುತ್ತಿದ್ದರು. ಎಣಿಸಿದರೆ ಸರಿಯಾಗಿ ಹತ್ತು. ಆದರೆ ಹನ್ನೊಂದನೆಯದು ದೊಡ್ಡದು ಸಿಕ್ಕಿತು ಅನ್ನಿ, ಬುಟ್ಟಿಯಲ್ಲಿದ್ದ ಸಣ್ಣದನ್ನು ತೆಗೆದು ನೀರಿಗೆ ಎಸೆಯುತ್ತಿದ್ದರು. ಅದು ಸತ್ತು ಎಷ್ಟೋ ಹೊತ್ತಾಗಿರುತ್ತಿತ್ತು. "ಬಿಟ್ವಿ ನೋಡ್ರಿ ಸರ್" ಅನ್ನುತ್ತಿದ್ದರು. ಬಿಟ್ಟದ್ದು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿಕೊಂಡು ಹೋಗುತ್ತಿತ್ತು. ಕಾನೂನಿನಲ್ಲಿ ಅದಕ್ಕೂ ಅಡ್ಡಿಯಿಲ್ಲ. ಬುಟ್ಟಿಯಲ್ಲಿ ಹತ್ತೇ ಇದೆಯಲ್ಲ! ನಾನು ತಲೆಯಾಡಿಸಿ ಮುಂದಿನ ಬುಟ್ಟಿಗೆ ಹೋಗುತ್ತಿದ್ದೆ. ಥೋ, ಆ ಸಂಬಳ ತಿಂದು ನಾನು ಬದುಕಿದೆ.

ಕಾನಗುಂಡಿಯವರು ದಂಡೆಯ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನ ಅವರಲ್ಲೊಬ್ಬ ಎಲ್ಲರಿಗೂ ಕೇಳುವ ಹಾಗೆ ಕನ್ನಪ್ಪನಿಗೆ ಹೇಳಿದ, "ನಿನ್ನ ಮಾತು ಕೇಳಿ ನಾವು ಕೂಣಿ ಅಟ್ಟಕ್ಕೆ ಹಾಕ್ದೋ. ಪೇಟೆಯವ್ರು ತಿನ್ಲಿ ಅಂತ ಸಾಕಿದ್ಯನಾ ಮೀನ? ಬೋರ್ಡ್ ತರ್ಸಿದ್ದು ನೀನೇ ಅಲ್ದ?" ಕನ್ನಪ್ಪ ನನ್ನ ಕಡೆ ನೋಡಿದ. ನಾನು ಕೊಡೆಯ ಕಡ್ಡಿ ನೋಡಿದೆ. ಮಾರನೆಯ ದಿನ ಕೇರಿಯ ಅರ್ಧಕ್ಕರ್ಧ ಮನೆಯವರು ಕೂಣಿ ಇಳಿಸಿದರು. ಚೌಡಿಯ ಆಣೆ ಮುರಿಯಿತು.

ಅದಾಗಿ ಎರಡು ದಿನಕ್ಕೆ ಕನ್ನಪ್ಪ ತಾಳ್ಮೆ ಕಳೆದುಕೊಂಡ. ಹಳ್ಳದ ಬಾಯಿಗೆ ಹೋಗಿ, ರೆಸಾರ್ಟಿನ ಅತಿಥಿಯೊಬ್ಬರ ಬುಟ್ಟಿಯನ್ನು ಮೀನು ಸಮೇತ ಹೊಳೆಗೆ ಬೋರಲು ಹಾಕಿದ. ಕೋಲು ಕಸಿದು ಮುರಿದ. ಹೊಡೆದಾಟ ಆಗಲಿಲ್ಲ, ಬೈದಾಟ ಆಯಿತು. ಅತಿಥಿಗಳು ದೂರು ಕೊಟ್ಟರು. ತನಿಖೆಗೆ ಬಂದವರು ಕನ್ನಪ್ಪನ ಅಟ್ಟದ ಮೇಲಿದ್ದ ಕೂಣಿಯನ್ನೂ ಹೊತ್ತು ತಂದರು. ಜೇಡ ಬಲೆ ಕಟ್ಟಿದ್ದ ಕೂಣಿ! ಆದರೆ ಆದೇಶದ ಪ್ರಕಾರ ಗಾಳ ಹೊರತು ಬೇರೆ ಸಾಧನ ಅಪರಾಧ. ಕೇರಿಯಲ್ಲಿ ಹಳ್ಳಕ್ಕೆ ಕೂಣಿ ಇಡದೆ ಉಳಿದವನ ಮೇಲೆಯೇ ಕೂಣಿಯ ಆರೋಪವೂ ಬಿತ್ತು. ನನ್ನನ್ನು ಇಲಾಖೆಯ ಸಾಕ್ಷಿಯಾಗಿ ಕರೆದರು.

ಕಟಕಟೆಯಲ್ಲಿ ನಿಂತೆ. ದೂರುದಾರರ ಬುಟ್ಟಿಯನ್ನು ಆ ದಿನ ಎಣಿಸಿದ್ದಿರಾ ಎಂದು ಕೇಳಿದರು ವಕೀಲರು. ಹೌದು ಅಂದೆ. ಎಷ್ಟಿತ್ತು? ಒಂಬತ್ತು. ಎಷ್ಟಕ್ಕೆ ಅವಕಾಶ ಇತ್ತು? ಹತ್ತು. ಹಾಗಾದರೆ ದೂರುದಾರರು ತಪ್ಪು ಮಾಡಿದ್ದಾರೆಯೆ?

"ಸ್ವಾಮಿ, ಆ ಆದೇಶದಲ್ಲಿ ಹತ್ತು ಅಂದರೆ ಸಂಖ್ಯೆ ಅಲ್ಲ" ಎಂದು ನ್ಯಾಯಾಧೀಶರ ಕಡೆ ತಿರುಗಿ ಹೇಳಲು ಹೊರಟೆ. ಹತ್ತುಮೀನು ಎಂದರೇನು, ಹೇಗೆ ಹತ್ತುತ್ತದೆ, ಎಲ್ಲಾ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ಊರವರು ಹೌದೌದು ಅಂದರು. ನ್ಯಾಯಾಧೀಶರು ಕೊನೆಯವರೆಗೂ ಕೇಳಿದರು. ಅದಕ್ಕಾದರೂ ನಾನು ಕೃತಜ್ಞ. ಆಮೇಲೆ ಶಾಂತವಾಗಿ ಹೇಳಿದರು, "ನೀವು ಹೇಳೋದು ನನಗೆ ಅರ್ಥವಾಯ್ತು. ಆದರೆ ಆದೇಶದಲ್ಲಿ ಹತ್ತು ಮೀನುಗಳಿಗಿಂತ ಹೆಚ್ಚು ಅಂತಿದೆ. ನೀವು ಬರೆದದ್ದನ್ನು ನಾನು ಓದೋಕಾಗಲ್ಲ, ಹೊರಡಿಸಿದ್ದನ್ನು ಓದಬೇಕು." ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಕನ್ನಪ್ಪನಿಗೆ ದಂಡ ಬಿತ್ತು. ಕಟ್ಟಿದ. ಹೊರಗೆ ಬಂದು ಮರದ ಕೆಳಗೆ ನಿಂತವನ ಹತ್ತಿರ ಹೋದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈದಿದ್ದರೆ ಸಮಾಧಾನವಾಗುತ್ತಿತ್ತು. "ನಿಮ್ಮ ತಪ್ಪೆಂತ ಇಲ್ಲ ಹೆಗಡೇರೆ. ನಾನು ಬೋರ್ಡ್ ಕೇಳ್ಬಾರ್ದಾಗಿತ್ತು" ಅಂದ. ಅವನು ಬಸ್ಸಿಗೆ ಹೋದ. ನಾನು ಕಚೇರಿಗೆ ಹೋದೆ.

ಮುಂದಿನ ಮಳೆಗಾಲಕ್ಕೆ ಒಂದು ಸುದ್ದಿ ಬಂತು. ಕನ್ನಪ್ಪ ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿದ್ದಾನಂತೆ, ಅತಿಥಿಗಳಿಗೆ ಮೀನು ಎಲ್ಲಿ ಸಿಗುತ್ತದೆ ಎಂದು ತೋರಿಸುವ ಕೆಲಸವಂತೆ. ಅಲ್ಲಿಯ ವ್ಯವಸ್ಥಾಪಕ ಬಲು ಜಾಣ. ಜಗಳ ಮಾಡುವವನನ್ನು ಸಂಬಳ ಕೊಟ್ಟು ಒಳಗೆ ಹಾಕಿಕೊಂಡುಬಿಟ್ಟ. ಕೇರಿಯವರು ಕನ್ನಪ್ಪನ ಮನೆಗೆ ಬೆಂಕಿ ಕೇಳಲೂ ಹೋಗುವುದು ಬಿಟ್ಟರು. ನನಗೂ ಸಿಟ್ಟು ಬಂತು. ನೋಡಿಯೇ ಬರುತ್ತೇನೆ ಎಂದು ಹೋದೆ.

ರೆಸಾರ್ಟಿನ ಹೆಸರು ಬರೆದ ಟೊಪ್ಪಿ, ಅಂಗಿ ಹಾಕಿಕೊಂಡು ಹೊಳೆಯ ಕೆಳಗಿನ ತಿರುವಿನಲ್ಲಿ ಕೂತಿದ್ದ. ಪಕ್ಕದಲ್ಲಿ ನಾಲ್ಕು ಜನ ಗಾಳ ಬಿಟ್ಟು ಧ್ಯಾನಕ್ಕೆ ಕೂತ ಹಾಗೆ ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದು, ಆಚೆ ಕರೆದೊಯ್ದ.

"ಎಂತದಾ ಕನ್ನಪ್ಪ ಇದು? ನಿನಗೆ ನಾಚ್ಕೆ ಇಲ್ಯನಾ?"

"ಸಾವಕಾಶ ಮಾತಾಡಿ ಹೆಗಡೇರೆ" ಎಂದು ಹತ್ತಿರ ಬಂದ. "ಈ ಗುಂಡಿಯಲ್ಲಿ ಒಂದು ಮೀನೂ ಇಲ್ಲ. ಬರೀ ಮರಳು. ಮಳೆ ಹಿಡಿದಲ್ಲಿಂದ ಇವ್ರನ್ನ ಇಲ್ಲೇ ಕೂರಿಸ್ತಾ ಇದ್ದೇನೆ. ಹಳ್ಳದ ಬಾಯಲ್ಲಿ ಎಂತ ಉಂಟು ಅಂದ್ರೆ, ಅಲ್ಲೆಂತದೂ ಇಲ್ಲ, ಹೋದ ವರ್ಷವೇ ಖಾಲಿಯಾಯ್ತು ಅಂತೇನೆ ನಾನು. ನಂಬ್ತಾರೆ. ಟೊಪ್ಪಿ ಹಾಕ್ಕಂಡವ ಹೇಳಿದ್ರೆ ನಂಬ್ತಾರೆ ಮಾರಾಯ್ರೆ!"

ಮೇಲೆ ಹಳ್ಳದ ಬಾಯಿಗೆ ಕರೆದೊಯ್ದು ತೋರಿಸಿದ. ಹಿಂದಿನ ಹಾಗೆ ನೀರು ಕುದಿಯುತ್ತಿರಲಿಲ್ಲ. ಆದರೆ ಹತ್ತುತ್ತಿದ್ದವು. ಒಂದು, ಸ್ವಲ್ಪ ತಡೆದು ಇನ್ನೊಂದು, ಕಲ್ಲಿಗೆ ಎದೆ ಕೊಟ್ಟು ಜಿಗಿಯುತ್ತಿದ್ದವು. ನಾವಿಬ್ಬರೂ ಮಳೆಯಲ್ಲಿ ನಿಂತು ನಕ್ಕೆವು. ಎಷ್ಟೋ ತಿಂಗಳ ಮೇಲೆ ನಾನು ನಕ್ಕದ್ದು ಅದು. ಕೇರಿಯವರು ಬೈದರೆ ಬೈಯಲಿ, ಯಾರ ಹತ್ತಿರವೂ ಬಾಯಿ ಬಿಡಬೇಡಿ, ಬಿಟ್ಟರೆ ಸುದ್ದಿ ರೆಸಾರ್ಟಿಗೆ ಹೋಗುತ್ತದೆ ಎಂದು ಕನ್ನಪ್ಪ ಮಾತು ತಗೊಂಡ. ಮೂರು ತಾಲೂಕಿನಲ್ಲಿ ಇಲಾಖೆಯ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ ಅನ್ನಿಸಿತು.

ಅತಿಥಿಗಳಿಗೆ ಮೀನು ಸಿಗಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು. ಈ ಹೊಳೆಯಲ್ಲಿ ಮೀನೇ ಇಲ್ಲ ಎಂದು ಅತಿಥಿಗಳು ಇಂಟರ್‌ನೆಟ್ಟಿನಲ್ಲಿ ಬರೆದರು. ವ್ಯವಸ್ಥಾಪಕನಿಗೆ ಬಿಸಿ ತಟ್ಟಿತು. ಆತ ಕನ್ನಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ, ಸಂಶಯವನ್ನೂ ಪಡಲಿಲ್ಲ. ನೇರ ನಮ್ಮ ಸಾಹೇಬರ ಹತ್ತಿರ ಬಂದ. ಹೊಳೆ ಖಾಲಿಯಾಗಿದೆ, ನಮ್ಮ ಸ್ಥಳೀಯ ಮಾರ್ಗದರ್ಶಕರೇ ಹೇಳುತ್ತಾರೆ, ಇಲಾಖೆಯಿಂದ ಮೀನುಮರಿ ಬಿಡಿಸಿಕೊಡಿ ಅಂದ. ಸಾಹೇಬರಿಗೆ ಇಂಥ ಕೆಲಸವೆಂದರೆ ಹಬ್ಬ. ಕನ್ನಪ್ಪನಿಗೆ ಕೊಟ್ಟ ಮಾತು ಒಂದು ಕಡೆ, ಹಳ್ಳ ಒಂದು ಕಡೆ. ಮಾತು ಮುರಿದು ಸಾಹೇಬರಿಗೆ ಹೇಳಿದೆ. ಅಲ್ಲಿ ಮೀನಿದೆ, ನಾನೇ ನೋಡಿದ್ದೇನೆ, ಹೊರಗಿನ ಮರಿ ಬಿಡಬೇಡಿ ಎಂದೆ.

"ಹೆಗಡೆ, ನಿಮಗ ಇನ್ನ ಒಂದು ತಿಂಗಳ ಸೇವಾ ಉಳದೈತಿ. ಆರಾಮ ಹೋಗ್ರಿ" ಅಂದರು ಸಾಹೇಬರು, ನಗುತ್ತಲೇ.

ಕಾರ್ಯಕ್ರಮದ ದಿನ ಹಳ್ಳದ ಬಾಯಿಗೆ ಶಾಮಿಯಾನ ಹಾಕಿದ್ದರು. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಸಾಮಾನ್ಯ ಗೆಂಡೆಯ ಮರಿಗಳು ಬಂದವು. ಕೆರೆಗೆ ಬಿಡುವ ಜಾತಿ, ಬೇಗ ಬಲಿಯುತ್ತದೆ, ಗಾಳಕ್ಕೆ ಸುಲಭವಾಗಿ ಸಿಗುತ್ತದೆ. ಮರಿ ಬಿಡುವ ರೀತಿ ಗೊತ್ತಿದ್ದವನು ನಾನೊಬ್ಬನೇ, ಆದ್ದರಿಂದ ಬಿಡುವ ಕೆಲಸ ನನ್ನದೇ. ಪ್ಯಾಂಟು ಮಡಚಿ ನೀರಿಗಿಳಿದು ಚೀಲಗಳನ್ನು ಸ್ವಲ್ಪ ಹೊತ್ತು ತೇಲಬಿಟ್ಟೆ, ಒಳಗಿನ ನೀರೂ ಹೊಳೆಯ ನೀರೂ ಒಂದೇ ತಂಪಿಗೆ ಬರಬೇಕು. ಸಾಹೇಬರು ಮೊದಲ ಚೀಲ ಬಿಚ್ಚಿದರು. ಜನ ಚಪ್ಪಾಳೆ ತಟ್ಟಿದರು. ಉಳಿದವು ನನ್ನ ಪಾಲಿಗೆ ಬಂದವು.

ಕನ್ನಪ್ಪ ಟೊಪ್ಪಿ ಹಾಕಿಕೊಂಡೇ ನೀರಿಗಿಳಿದು ನನ್ನ ಪಕ್ಕಕ್ಕೆ ಬಂದು ನಿಂತ. ಮರಿಗಳು ಕೈಕಾಲಿನ ಸಂದಿಯಲ್ಲಿ ಹರಿದು ಹೋಗುವುದನ್ನು ನೋಡಿದ.

"ಹೆಗಡೇರೆ, ಇವು ಹತ್ತೂದಿಲ್ಲ ಅಲ್ದಾ?"

"ಇಲ್ಲ ಮಾರಾಯ. ಇವಕ್ಕೆ ನಿಂತ ನೀರು ಸಾಕು. ಇಲ್ಲೇ ಕೆಸರು ಕೆದಕಿಕೊಂಡು ಇರ್ತವೆ."

"ಮೇಲಿಂದ ತತ್ತಿ, ಮರಿ ಇಳಿದು ಬಂದ್ರೆ?"

"ತಿಂತವೆ."

ಅವನು ಟೊಪ್ಪಿ ತೆಗೆದು ಕಂಕುಳಿಗೆ ಸಿಕ್ಕಿಸಿದ. ಆಮೇಲೆ, "ಉಂಟು ಅಂದಿದ್ರೆ ತಲಾ ಹತ್ತು ಹೋಗ್ತಿತ್ತು ಹೆಗಡೇರೆ. ಇಲ್ಲ ಅಂದದ್ದಕ್ಕೆ ಎಲ್ಲಾ ಹೋಯ್ತು" ಅಂದ.

ನನ್ನ ಕೈಯಲ್ಲಿ ಇನ್ನೊಂದು ಚೀಲ ಇತ್ತು. ಅದನ್ನೂ ಬಿಚ್ಚಿದೆ.